ಕೂಫಾದ ಬಟ್ಟೆ ವ್ಯಾಪಾರಿ ಇಮಾಂ ಅಬೂ ಹನೀಫಾ(ರ)

ಮದ್ರಸದ ಮೆಟ್ಟಿಲು ಹತ್ತಿದ ನಮ್ಮ ಮಕ್ಕಳಿಗೆಲ್ಲ ನಾಲ್ಕು ಇಮಾಮರ ಹೆಸರು ಬಾಯಿಪಾಠ ಇರುತ್ತದೆ. ನಾವು ಶಾಫಿಈ ಮದ್ಹಬಿನವರಾದ ಕಾರಣ ಇಮಾಂ ಶಾಫಿಈ(ರ) ಅವರ ಬಗ್ಗೆ ಉಸ್ತಾದರ ಬಾಯಿಂದ ಒಂದಷ್ಟು ಕೇಳಿರುತ್ತೇವೆ. ಇಮಾಂ ಅಬೂ ಹನೀಫಾ(ರ) ಅಂದರೆ ಹನಫಿಗಳ ಇಮಾಮರು ಎನ್ನುವಲ್ಲಿಗೆ ನಮ್ಮ ತಿಳುವಳಿಕೆ ನಿಂತುಬಿಡುತ್ತದೆ. ಆದರೆ ಅವರು ಬಟ್ಟೆ ಅಂಗಡಿ ಇಟ್ಟು ಬದುಕಿದವರು. ಬೇರೆ ಕಡೆಗೂ ಮಾಲು ಕಳಿಸುತ್ತಿದ್ದವರು, ಪಾಲುದಾರರನ್ನು ಇಟ್ಟುಕೊಂಡು ವ್ಯವಹಾರ ಬೆಳೆಸಿದವರು. ಫಿಕ್ಹಿನ ಬಗ್ಗೆ ಹೇಳುವುದು ಉಲಮಾಗಳ ಕೆಲಸ. ಇಲ್ಲಿ ಹೇಳಹೊರಟದ್ದು ಅವರ ಅಂಗಡಿಯ ವಿಷಯ.

ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ. ನಮ್ಮ ಸಮುದಾಯದ ಹೆಸರೇ ಆ ಮಾತಿನಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ಇವತ್ತಿಗೂ ಗಲ್ಫಿನಲ್ಲಿ ಹತ್ತು ಹದಿನೈದು ವರ್ಷ ದುಡಿದು ಬಂದ ಹುಡುಗರು ಊರಲ್ಲಿ ಮೊದಲು ಮಾಡುವ ಕೆಲಸ ಒಂದು ಅಂಗಡಿ ಹಾಕುವುದು. ಮೊದಲ ಅಂಗಡಿ ನಡೆಯುತ್ತದೆ, ಯಾಕೆಂದರೆ ಗಲ್ಲಾಪೆಟ್ಟಿಗೆಯ ಎದುರು ತಾನೇ ಕೂತಿರುತ್ತಾನೆ. ಕಷ್ಟ ಶುರುವಾಗುವುದು ಎರಡನೆಯ ಅಂಗಡಿ ತೆರೆದಾಗ. ಅಲ್ಲಿ ಗಿರಾಕಿಯ ಹತ್ತಿರ ಮಾತಾಡುವವನು ಬೇರೆ, ಮಾಲು ತರುವವನು ಬೇರೆ, ಲೆಕ್ಕ ಬರೆಯುವವನು ಬೇರೆ. ಬೋರ್ಡಿನಲ್ಲಿರುವ ಹೆಸರು ಮಾತ್ರ ಧನಿಯದ್ದು. ತಾನು ಇಲ್ಲದ ಜಾಗದಲ್ಲಿ ತನ್ನ ಹೆಸರಲ್ಲಿ ನಡೆಯುವ ವ್ಯಾಪಾರಕ್ಕೆ ತಾನು ಎಷ್ಟು ಹೊಣೆ? ಇದೇ ಪ್ರಶ್ನೆ 1,300 ವರ್ಷಗಳ ಹಿಂದೆ ಕೂಫಾದ ಒಬ್ಬ ವ್ಯಾಪಾರಿಯ ಎದುರಿಗೂ ಬಂದಿತ್ತು.

ಪೇಟೆಯಿಂದ ದರ್ಸಿಗೆ

ಹಿಜರಿ 80, ಅಂದರೆ ಕ್ರಿ.ಶ. 699ರಲ್ಲಿ ಇರಾಕಿನ ಕೂಫಾದಲ್ಲಿ ಅವರ ಜನನ. ಹೆಸರು ನುಅಮಾನ್, ತಂದೆ ಸಾಬಿತ್. ಮನೆತನ ಅರಬರದ್ದಲ್ಲ, ಪರ್ಷಿಯಾ ಕಡೆಯಿಂದ ಬಂದವರದ್ದು. ಕೂಫಾ ಖಲೀಫ ಉಮರ್(ರ) ಅವರ ಕಾಲದಲ್ಲಿ ಸೈನ್ಯದ ಬಿಡಾರವಾಗಿ ಎದ್ದ ಊರು. ನಂತರ ಅಲಿ(ರ) ಅವರ ರಾಜಧಾನಿಯೂ ಆಯಿತು. ನುಅಮಾನ್ ಹುಟ್ಟುವ ಹೊತ್ತಿಗೆ ಅದು ದೊಡ್ಡ ಪೇಟೆ. ಅರಬರು, ಪರ್ಷಿಯನ್ನರು, ಬಗೆಬಗೆಯ ಜನ, ಬಗೆಬಗೆಯ ಮಾಲು.

ಮನೆತನದ ಕಸುಬೇ ಬಟ್ಟೆ ವ್ಯಾಪಾರ. ಖಝ್ಝ್ ಎಂದು ಕರೆಯುತ್ತಿದ್ದ, ರೇಷ್ಮೆ ಮತ್ತು ಉಣ್ಣೆ ಸೇರಿಸಿ ನೇಯ್ದ ಬೆಲೆಬಾಳುವ ಬಟ್ಟೆ ಅವರ ಅಂಗಡಿಯ ಮುಖ್ಯ ಮಾಲು. ಹುಡುಗ ನುಅಮಾನ್ ದಿನಾ ಪೇಟೆಗೆ ಹೋಗಿಬರುತ್ತಿದ್ದ. ಒಂದು ದಿನ ದಾರಿಯಲ್ಲಿ ಆ ಕಾಲದ ದೊಡ್ಡ ವಿದ್ವಾಂಸರಾದ ಶಅಬಿ ಅವರು ಈ ಹುಡುಗನನ್ನು ನಿಲ್ಲಿಸಿ ಯಾರ ಹತ್ತಿರ ಹೋಗಿಬರುತ್ತೀ ಎಂದು ವಿಚಾರಿಸಿದರು. ಪೇಟೆಗೆ ಎಂದ ಹುಡುಗ. ಅವರು ಕೇಳಿದ್ದು ಯಾವ ಉಸ್ತಾದರ ಹತ್ತಿರ ಎಂದು. ಹುಡುಗನಲ್ಲಿ ಚುರುಕು ಕಾಣುತ್ತಿದೆ, ವಿದ್ವಾಂಸರ ಜೊತೆ ಕೂತುಕೊಳ್ಳುವುದನ್ನು ಬಿಡಬಾರದು ಎಂದು ಬುದ್ಧಿ ಹೇಳಿ ಮುಂದೆ ಹೋದರು. ಆ ಮಾತು ಹುಡುಗನ ಮನಸ್ಸಿಗೆ ನಾಟಿತು. ಕಲಿಯಲು ಹೋದ. ಆದರೆ ಅಂಗಡಿಯನ್ನು ಮಾತ್ರ ಕೊನೆತನಕ ಮುಚ್ಚಲಿಲ್ಲ.

60 ಪ್ರಶ್ನೆ, 20 ತಪ್ಪು

ಅವರ ಉಸ್ತಾದರು ಹಮ್ಮಾದ್ ಬಿನ್ ಅಬೀ ಸುಲೈಮಾನ್. ಅವರ ಬಳಿ ನುಅಮಾನ್ 18 ವರ್ಷ ಕಲಿತರು. ಈ 18 ವರ್ಷದ ಹಿಂದೆ ಒಂದು ಕಥೆ ಇದೆ.

ಕೆಲವು ವರ್ಷ ಕಲಿತ ಮೇಲೆ ಅವರಿಗೆ ಸ್ವಂತದ್ದೊಂದು ದರ್ಸ್ ಶುರುಮಾಡುವ ಆಸೆ ಹುಟ್ಟಿತು. ಅದೇ ಹೊತ್ತಿಗೆ ಹಮ್ಮಾದರ ಸಂಬಂಧಿಯೊಬ್ಬರು ಬಸ್ರಾದಲ್ಲಿ ತೀರಿಕೊಂಡರು. ಉಸ್ತಾದರು ಅಲ್ಲಿಗೆ ಹೊರಡುವಾಗ ತಮ್ಮ ಜಾಗದಲ್ಲಿ ನುಅಮಾನರನ್ನೇ ಕೂರಿಸಿ ಹೋದರು. ಎರಡು ತಿಂಗಳು ಅವರು ಬರಲಿಲ್ಲ. ಆ ಅವಧಿಯಲ್ಲಿ ಉಸ್ತಾದರಿಂದ ಎಂದೂ ಕೇಳಿರದ ಸುಮಾರು 60 ಪ್ರಶ್ನೆಗಳು ಬಂದವು. ನುಅಮಾನ್ ಉತ್ತರ ಕೊಟ್ಟರು. ಕೊಟ್ಟ ಉತ್ತರಗಳನ್ನೆಲ್ಲ ಬರೆದಿಟ್ಟುಕೊಂಡು ಉಸ್ತಾದರು ವಾಪಸು ಬಂದಾಗ ಅವರ ಮುಂದೆ ಇಟ್ಟರು. 40ಕ್ಕೆ ಉಸ್ತಾದರು ಒಪ್ಪಿದರು. 20ಕ್ಕೆ ಒಪ್ಪಲಿಲ್ಲ.

ಯಾರೂ ಕೇಳದೆ ಇದ್ದಾಗ ತಾವಾಗಿಯೇ ಲೆಕ್ಕ ತಂದು ಒಪ್ಪಿಸಿದರಲ್ಲ, ಅದನ್ನು ಮರೆಯಬಾರದು. 60ರಲ್ಲಿ 40 ಸರಿಯಾಯಿತು ಎಂದು ಬೀಗುವ ಪ್ರಾಯ ಅದು. ಅವರಿಗೆ ಕಂಡದ್ದು ಆ 20. ಉಸ್ತಾದರು ಬದುಕಿರುವವರೆಗೆ ಅವರನ್ನು ಬಿಟ್ಟುಹೋಗುವುದಿಲ್ಲ ಎಂದು ಅಂದೇ ನಿರ್ಧರಿಸಿದರು. ಹಿಜರಿ 120ರಲ್ಲಿ ಹಮ್ಮಾದ್ ತೀರಿಕೊಂಡ ಮೇಲೆ, 40ನೇ ವಯಸ್ಸಿನಲ್ಲಿ, ಆ ಜಾಗದಲ್ಲಿ ಕೂತರು. ತಮ್ಮ ಮಗನಿಗೂ ಉಸ್ತಾದರ ಹೆಸರನ್ನೇ ಇಟ್ಟಿದ್ದರು.

ದೋಷವಿದ್ದ ಒಂದು ಬಟ್ಟೆ

ದರ್ಸ್ ಬೆಳೆದ ಹಾಗೆ ವ್ಯಾಪಾರವೂ ಬೆಳೆಯಿತು. ದಿನವಿಡೀ ಅಂಗಡಿಯಲ್ಲಿ ಕೂರಲು ಅವರಿಗೆ ಸಮಯ ಸಾಲುತ್ತಿರಲಿಲ್ಲ. ಹಫ್ಸ್ ಬಿನ್ ಅಬ್ದುರ್ರಹ್ಮಾನ್ ಎಂಬವರು ಪಾಲುದಾರರು. ಇಮಾಮರು ಮಾಲು ಹೊಂದಿಸಿ ಕಳಿಸುವುದು, ಹಫ್ಸ್ ಮಾರುವುದು.

ಒಮ್ಮೆ ಕಳಿಸಿದ ಮಾಲಿನಲ್ಲಿ ಒಂದು ಬಟ್ಟೆಗೆ ದೋಷವಿತ್ತು. ಇಮಾಮರು ಅದನ್ನು ಮುಚ್ಚಿಡಲಿಲ್ಲ. ಇಂಥ ಬಟ್ಟೆಯಲ್ಲಿ ಇಂಥ ದೋಷ ಇದೆ, ಕೊಳ್ಳುವವರಿಗೆ ಅದನ್ನು ತೋರಿಸಿಯೇ ಮಾರಬೇಕು ಎಂದು ಹಫ್ಸರಿಗೆ ಮೊದಲೇ ತಿಳಿಸಿದ್ದರು. ಹಫ್ಸ್ ಮಾಲನ್ನು ಮಾರಿದರು. ವ್ಯಾಪಾರದ ಗಡಿಬಿಡಿಯಲ್ಲಿ ಆ ಒಂದು ಮಾತು ಹೇಳಲು ಮರೆತುಹೋಯಿತು. ಕೊಂಡವರು ಯಾರು ಎಂಬ ನೆನಪೂ ಇಲ್ಲ, ಹುಡುಕಿಕೊಂಡು ಹೋಗಿ ಹೇಳುವ ದಾರಿಯೂ ಇಲ್ಲ.

ವಿಷಯ ತಿಳಿದ ಇಮಾಮರು ಆ ಮಾಲಿನಿಂದ ಬಂದ ಹಣವನ್ನು ಪೂರ್ತಿಯಾಗಿ ಸದಕಾ ಮಾಡಿಬಿಟ್ಟರು. ಆ ಒಂದು ಬಟ್ಟೆಯ ಬೆಲೆ ತೆಗೆದಿಟ್ಟು ಉಳಿದದ್ದನ್ನು ಪೆಟ್ಟಿಗೆಗೆ ಹಾಕಬಹುದಿತ್ತು. ತಾನು ಹೇಳಿದ್ದೆ, ಮರೆತದ್ದು ಅವನು ಎನ್ನಬಹುದಿತ್ತು. ಎರಡನ್ನೂ ಮಾಡಲಿಲ್ಲ.

ನಮ್ಮ ಅಂಗಡಿಗಳಲ್ಲಿ ಇದನ್ನು ಇಟ್ಟು ನೋಡಿ. ಸೇಲ್ಸಿನ ಹುಡುಗ ಡ್ಯಾಮೇಜ್ ಪೀಸನ್ನು ಮಡಚಿ, ಒಳ್ಳೆಯ ಭಾಗ ಮೇಲೆ ಬರುವ ಹಾಗೆ ಕವರಿಗೆ ಹಾಕಿ ಕೊಡುತ್ತಾನೆ. ಗಿರಾಕಿ ಮರುದಿನ ತಂದರೆ ಹುಡುಗನಿಗೆ ನಾಲ್ಕು ಬೈಗುಳ. ತರದಿದ್ದರೆ ಧನಿಗೂ ಖುಷಿ, ಹುಡುಗನಿಗೂ ಖುಷಿ. ಹಾಗಾದರೆ ಹುಡುಗ ಕಲಿತದ್ದೇನು? ಸಿಕ್ಕಿಬೀಳಬಾರದು ಎಂಬುದನ್ನು ಮಾತ್ರ. ಕೂಫಾದ ಅಂಗಡಿಯಲ್ಲಿ ಹಾಗಲ್ಲ. ತಪ್ಪಿನ ನಷ್ಟವನ್ನು ಧನಿಯೇ ಎಲ್ಲರ ಎದುರು ತನ್ನ ತಲೆಗೆ ಹಾಕಿಕೊಂಡ. ಇದನ್ನು ನೋಡಿದ ಕೆಲಸದವನಿಗೆ ಮತ್ತೆ ಯಾರೂ ಉಪದೇಶ ಮಾಡಬೇಕಿಲ್ಲ.

ಮಾರಲು ಬಂದವರಿಗೂ ನ್ಯಾಯ

ಗಿರಾಕಿಗೆ ಮೋಸ ಮಾಡಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ನಮಗೇ ಮಾಲು ಮಾರಲು ಬಂದವರು ಬೆಲೆ ಗೊತ್ತಿಲ್ಲದೆ ಕಡಿಮೆ ಹೇಳಿದರೆ? ಅದು ನಮ್ಮ ಅದೃಷ್ಟ ಎಂದೇ ಹೆಚ್ಚಿನವರ ಲೆಕ್ಕ.

ಒಬ್ಬ ಹೆಂಗಸು ರೇಷ್ಮೆ ಬಟ್ಟೆಯೊಂದನ್ನು ಇಮಾಮರಿಗೆ ಮಾರಲು ತಂದಳು. ಬೆಲೆ ಕೇಳಿದರೆ 100 ಎಂದಳು. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದರು ಇಮಾಮರು. ಆಕೆ 200 ಎಂದಳು. ಇನ್ನೂ ಹೆಚ್ಚು ಎಂದರು. ಹೀಗೆ ನೂರು ನೂರಾಗಿ ಏರಿ 400ಕ್ಕೆ ಬಂತು. ಆಗಲೂ ಕಡಿಮೆಯೇ ಎಂದಾಗ, ಈ ಮನುಷ್ಯ ತನ್ನನ್ನು ತಮಾಷೆ ಮಾಡುತ್ತಿದ್ದಾನೆ ಎಂದು ಆಕೆಗೆ ಅನಿಸಿತು. ಬೆಲೆ ಬಲ್ಲ ಒಬ್ಬ ಗಂಡಸನ್ನು ಕರೆದುಕೊಂಡು ಬರುವಂತೆ ಇಮಾಮರು ಹೇಳಿದರು. ಆತ ಬಂದು ಬೆಲೆ ಕಟ್ಟಿದ, 500ಕ್ಕೆ ಇಮಾಮರು ಬಟ್ಟೆ ಕೊಂಡರು.

ಇನ್ನೊಮ್ಮೆ ಬಡ ಮುದುಕಿಯೊಬ್ಬಳು ಬಂದಳು. ತನಗೆ ಚೌಕಾಶಿ ಮಾಡಿ ಗೊತ್ತಿಲ್ಲ, ಅಸಲಿಗೆ ಒಂದು ಬಟ್ಟೆ ಕೊಡಬೇಕು ಎಂದು ಕೇಳಿಕೊಂಡಳು. ಇಮಾಮರು ಹೇಳಿದ್ದು ನಾಲ್ಕು ದಿರ್ಹಮ್. ಮುದುಕಿಯನ್ನು ಗೇಲಿ ಮಾಡುತ್ತಿದ್ದೀರಾ ಎಂದು ಆಕೆ ಬೇಸರಪಟ್ಟಳು. ಇಮಾಮರು ಲೆಕ್ಕ ಬಿಡಿಸಿ ಹೇಳಿದರು. ಎರಡು ಬಟ್ಟೆ ಒಟ್ಟಿಗೆ ಕೊಂಡದ್ದು. ಒಂದನ್ನು ಮಾರಿದಾಗಲೇ ಎರಡರ ಅಸಲು ಬಂದಿದೆ, ನಾಲ್ಕು ದಿರ್ಹಮ್ ಮಾತ್ರ ಬಾಕಿ. ಹಾಗಾಗಿ ಈ ಬಟ್ಟೆಯ ಅಸಲು ನಾಲ್ಕೇ ದಿರ್ಹಮ್. ಧರ್ಮಕ್ಕೆ ಕೊಟ್ಟೆ ಎಂದು ಹೇಳಿ ಆಕೆಯ ಮಾನ ಕಳೆಯಲಿಲ್ಲ, ಕೊಂಡುಹೋಗುವ ಗಿರಾಕಿಯಾಗಿಯೇ ಆಕೆಯನ್ನು ಕಳಿಸಿಕೊಟ್ಟರು.

ಸಾಲದ ವಿಷಯದಲ್ಲೂ ಅಷ್ಟೇ ಬಿಗಿ. ಸುಡುಬಿಸಿಲಿನಲ್ಲಿ ಒಂದು ಮನೆಯ ಎದುರು ನಿಲ್ಲಬೇಕಾಗಿ ಬಂದಾಗ ಜನರೆಲ್ಲ ಗೋಡೆಯ ನೆರಳಿಗೆ ಸರಿದರು. ಇಮಾಮರು ಮಾತ್ರ ಬಿಸಿಲಲ್ಲೇ ನಿಂತರು. ಆ ಮನೆಯವ ಅವರಿಂದ ಸಾಲ ಪಡೆದಿದ್ದ. ಕೊಟ್ಟ ಸಾಲದಿಂದ ಗೋಡೆಯ ನೆರಳಿನಷ್ಟು ಲಾಭ ಪಡೆದರೂ ಅದು ಬಡ್ಡಿಯ ಸಾಲಿಗೆ ಬಂದೀತು ಎಂಬ ಭಯ ಅವರಿಗೆ.

ಲಾಭ ಯಾರಿಗೆ?

ಇಷ್ಟೆಲ್ಲ ಬಿಟ್ಟುಕೊಟ್ಟರೆ ಅಂಗಡಿ ನಡೆಯುವುದುಂಟಾ ಎಂದು ಕೇಳಬಹುದು. ಅವರದ್ದು ನಡೆಯಿತು, ಚೆನ್ನಾಗಿಯೇ ನಡೆಯಿತು. ಅವರ ಮೇಲಿನ ನಂಬಿಕೆಯಿಂದ ಜನ ತಮ್ಮ ಹಣವನ್ನು ಅಮಾನತ್ ಆಗಿ ಅವರಲ್ಲೇ ತಂದಿಡುತ್ತಿದ್ದರು. ಅವರು ಬಡತನದ ವೇಷ ಹಾಕಿದವರೂ ಅಲ್ಲ. ಒಳ್ಳೆಯ ಬಟ್ಟೆ ಉಡುತ್ತಿದ್ದರು, ಅತ್ತರ್ ಹಚ್ಚುತ್ತಿದ್ದರು. ದರ್ಸಿಗೆ ಬಂದವನೊಬ್ಬ ಹರಕು ಬಟ್ಟೆಯಲ್ಲಿ ಕೂತದ್ದನ್ನು ಕಂಡು, ಎಲ್ಲರೂ ಎದ್ದುಹೋಗುವ ತನಕ ಅವನನ್ನು ನಿಲ್ಲಿಸಿಕೊಂಡು, ಚಾಪೆಯ ಅಡಿಯಲ್ಲಿದ್ದ 1,000 ದಿರ್ಹಮ್ ತೆಗೆದುಕೊಳ್ಳುವಂತೆ ಹೇಳಿದರು. ತಾನು ಸ್ಥಿತಿವಂತ, ಹಣ ಬೇಕಿಲ್ಲ ಎಂದ ಆತ. ಅಲ್ಲಾಹು ಕೊಟ್ಟ ಅನುಗ್ರಹ ಮೈಮೇಲೂ ಕಾಣಬೇಕಲ್ಲ, ಸ್ನೇಹಿತರಿಗೆ ಸುಮ್ಮನೆ ಚಿಂತೆ ಯಾಕೆ ಹಚ್ಚುವುದು ಎಂದು ಅವನನ್ನು ತಿದ್ದಿದರು.

ವರ್ಷದ ಲಾಭವನ್ನು ಒಟ್ಟುಹಾಕಿ ಅದರಿಂದ ಕೂಫಾದ ವಿದ್ವಾಂಸರಿಗೆ ಬೇಕಾದ ಆಹಾರ, ಬಟ್ಟೆ ಕೊಂಡು ಕೊಡುತ್ತಿದ್ದರು. ಉಳಿದ ದೀನಾರುಗಳನ್ನೂ ಅವರಿಗೇ ಹಂಚುತ್ತಿದ್ದರು. ಹೊಗಳುವುದಾದರೆ ಅಲ್ಲಾಹನನ್ನು ಹೊಗಳಿ, ತನ್ನನ್ನಲ್ಲ, ಇದು ನಿಮ್ಮ ಪಾಲಿನ ಮಾಲಿನಲ್ಲಿ ಅಲ್ಲಾಹು ಕೊಟ್ಟ ಲಾಭ ಎಂಬುದು ಅವರ ಮಾತಿನ ಸಾರ. ಕೊಟ್ಟದ್ದನ್ನು ಫೋಟೋ ಹೊಡೆಸಿ ಊರಿಗೆಲ್ಲ ತೋರಿಸುವ ಈ ಕಾಲದಲ್ಲಿ ನಾವು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಅವರ ಶಿಷ್ಯರಲ್ಲಿ ಒಬ್ಬ ಕಡು ಬಡ ಹುಡುಗನಿದ್ದ. ಮನೆಯಲ್ಲಿ ತುತ್ತಿಗೆ ಗತಿಯಿಲ್ಲ. ದರ್ಸ್ ಬಿಟ್ಟು ದುಡಿಯಲು ಹೋಗು ಎಂದು ಮನೆಯವರ ಒತ್ತಾಯ. ಹುಡುಗ ಬರುವುದು ಕಡಿಮೆಯಾದಾಗ ಇಮಾಮರೇ ಕರೆಸಿ ವಿಚಾರಿಸಿದರು. 100 ದಿರ್ಹಮ್ ಇದ್ದ ಚೀಲವನ್ನು ಕೈಗಿಟ್ಟು, ಮುಗಿದಾಗ ಹೇಳು, ದರ್ಸ್ ಮಾತ್ರ ಬಿಡಬೇಡ ಎಂದರು. ಆ ಹುಡುಗ ಮತ್ತೆ ಎಂದೂ ಕೇಳಬೇಕಾಗಲಿಲ್ಲ. ಕೈಯಲ್ಲಿದ್ದದ್ದು ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಚೀಲ ಬರುತ್ತಿತ್ತು. ಆ ಹುಡುಗನೇ ಮುಂದೆ ಖಲೀಫ ಹಾರೂನ್ ರಶೀದರ ಕಾಲದಲ್ಲಿ ಸಾಮ್ರಾಜ್ಯದ ಪ್ರಧಾನ ಖಾಝಿಯಾದ ಅಬೂ ಯೂಸುಫ್(ರ).

ಎದುರು ಮಾತಿಗೆ ಜಾಗ

ಅವರ ದರ್ಸಿನಲ್ಲಿ ಉಸ್ತಾದರು ಹೇಳುವುದು, ಉಳಿದವರು ತಲೆಯಾಡಿಸುವುದು ಎಂಬ ಪದ್ಧತಿ ಇರಲಿಲ್ಲ. ಒಂದು ಸಮಸ್ಯೆಯನ್ನು ಮಧ್ಯಕ್ಕಿಟ್ಟರೆ ಅಬೂ ಯೂಸುಫ್, ಝುಫರ್ ಮೊದಲಾದ ಶಿಷ್ಯರೆಲ್ಲ ಬಾಯಿಬಿಟ್ಟು ವಾದಿಸಬೇಕು. ಕೆಲವು ಪ್ರಶ್ನೆಗಳು ಎಷ್ಟೋ ದಿನ ನಡೆಯುತ್ತಿದ್ದವು. ಎಲ್ಲರದ್ದೂ ಕೇಳಿದ ಮೇಲೆಯೇ ತೀರ್ಮಾನ. ತಾನು ಹೇಳಿದ್ದನ್ನೆಲ್ಲ ಕೂಡಲೇ ಬರೆದುಕೊಳ್ಳಬೇಡ, ಇಂದು ಒಂದು ಅಭಿಪ್ರಾಯ ಕಂಡೀತು, ನಾಳೆ ಅದನ್ನು ಬಿಟ್ಟೇನು ಎಂದು ಅಬೂ ಯೂಸುಫರನ್ನು ಎಚ್ಚರಿಸಿದ್ದೂ ಉಂಟು. ಹಲವು ವಿಷಯಗಳಲ್ಲಿ ಅಬೂ ಯೂಸುಫರೂ ಕಿರಿಯ ಶಿಷ್ಯ ಮುಹಮ್ಮದ್ ಶೈಬಾನಿಯವರೂ ಇಮಾಮರಿಗಿಂತ ಬೇರೆಯೇ ಅಭಿಪ್ರಾಯ ಹೇಳಿದ್ದಾರೆ. ಹಾಗೆಂದು ಅವರು ಮದ್ಹಬಿನಿಂದ ಹೊರಗಾಗಲಿಲ್ಲ. ಅವರ ಆ ಅಭಿಪ್ರಾಯಗಳೂ ಮದ್ಹಬಿನದ್ದೇ ಸಂಪತ್ತಾಗಿ ಉಳಿದವು. ಹಿರಿಯರ ಮಾತಿಗೆ ಎದುರು ಹೇಳಿದರೆ ಅದಬು ಇಲ್ಲ ಎಂದು ಬಾಯಿ ಮುಚ್ಚಿಸುವ ನಮ್ಮ ಎಷ್ಟೋ ಕೂಡುವ್ಯಾಪಾರಗಳು ಬಾಪನ ಕಾಲ ಮುಗಿದ ಕೂಡಲೇ ಮಕ್ಕಳ ನಡುವೆ ಒಡೆದುಹೋಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮನೆಯಲ್ಲೂ ದೊಡ್ಡಸ್ತಿಕೆ ಇರಲಿಲ್ಲ. ಅವರ ಉಮ್ಮನಿಗೆ ಒಮ್ಮೆ ಒಂದು ಮಸ್‌ಅಲದ ಬಗ್ಗೆ ಸಂಶಯ ಬಂತು. ಮಗ ಹೇಳಿದ ಉತ್ತರ ಅವರಿಗೆ ಸಾಲಲಿಲ್ಲ. ಪ್ರವಚನ ಹೇಳುವ ಝುರ್‌ಆ ಎಂಬವರು ಹೇಳಿದರೆ ಮಾತ್ರ ಒಪ್ಪುತ್ತೇನೆ ಎಂದರು. ಊರಿಗೆ ಊರೇ ಉತ್ತರ ಕೇಳಲು ಬರುತ್ತಿದ್ದ ಇಮಾಮರು ಉಮ್ಮನನ್ನು ಕರೆದುಕೊಂಡು ಝುರ್‌ಆ ಅವರ ಮನೆಗೆ ಹೋದರು. ಝುರ್‌ಆ ಅವರಿಗೋ ಗಾಬರಿ, ತಾನು ಇಮಾಮರ ಉಮ್ಮನಿಗೆ ಫತ್ವಾ ಕೊಡುವುದೇ ಎಂದು. ಇಮಾಮರು ಉತ್ತರ ತಿಳಿಸಿದರು, ಅವರು ಅದನ್ನೇ ಉಮ್ಮನಿಗೆ ಹೇಳಿದರು. ಉಮ್ಮ ಸಮಾಧಾನದಿಂದ ಮನೆಗೆ ಬಂದರು.

ಬೇಡ ಎಂದ ಹುದ್ದೆ

ಅಂಗಡಿ ಅವರಿಗೆ ಕೊಟ್ಟ ದೊಡ್ಡ ಸಂಪತ್ತು ಹಣವಲ್ಲ, ಯಾರ ಹಂಗೂ ಇಲ್ಲದ ಬಾಯಿ. ಅದರ ಪರೀಕ್ಷೆ ಎರಡು ಸಲ ಬಂತು.

ಉಮಯ್ಯದರ ಆಳ್ವಿಕೆಯ ಕೊನೆಗಾಲದಲ್ಲಿ ಇರಾಕಿನ ಗವರ್ನರ್ ಇಬ್ನ್ ಹುಬೈರಾ ಅವರಿಗೆ ಅಧಿಕಾರದ ಹುದ್ದೆ ಕೊಡಲು ಬಂದ. ಆಳುವವರ ಅನ್ಯಾಯಕ್ಕೆ ತನ್ನ ಹೆಸರಿನ ಮುದ್ರೆ ಬೀಳಬಾರದು ಎಂದು ಇಮಾಮರು ಒಪ್ಪಲಿಲ್ಲ. ದಿನಕ್ಕೆ 10ರಂತೆ 110 ಛಡಿಯೇಟು ಹೊಡೆಸಿದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಬಿಡುಗಡೆಯಾದ ಮೇಲೆ ಅವರು ಮಕ್ಕಾಕ್ಕೆ ಹೋಗಿ ನೆಲೆಸಿದರು. ಅಬ್ಬಾಸಿಗಳು ಅಧಿಕಾರಕ್ಕೆ ಬಂದ ಮೇಲೆ ಕೂಫಾಕ್ಕೆ ಮರಳಿದರು.

ಆಳುವ ಮನೆತನ ಬದಲಾದರೂ ಆಸೆ ಬದಲಾಗಲಿಲ್ಲ. ಹೊಸ ರಾಜಧಾನಿ ಬಗ್ದಾದನ್ನು ಕಟ್ಟಿಸಿದ ಖಲೀಫ ಮನ್ಸೂರ್ ಇಮಾಮರನ್ನು ಕರೆಸಿ ಖಾಝಿಯಾಗಲು ಹೇಳಿದ. ತಾನು ಆ ಹುದ್ದೆಗೆ ತಕ್ಕವನಲ್ಲ ಎಂದರು ಇಮಾಮರು. ಸುಳ್ಳು ಹೇಳುತ್ತೀರಿ ಎಂದು ಖಲೀಫ ಗದರಿದ. ಹಾಗಾದರೆ ತೀರ್ಪು ಆಯಿತಲ್ಲ, ಸುಳ್ಳುಗಾರನನ್ನು ಖಾಝಿ ಮಾಡುವುದು ಸರಿಯಲ್ಲ ಎಂದು ಇಮಾಮರು ಉತ್ತರಿಸಿದರು. ಮಾತಿನಲ್ಲಿ ಸೋತ ಖಲೀಫ ಅವರನ್ನು ಸೆರೆಗೆ ಹಾಕಿಸಿದ.

ಖಾಝಿಯ ಹುದ್ದೆ ಹರಾಮಲ್ಲ. ಅವರ ಶಿಷ್ಯ ಅಬೂ ಯೂಸುಫರೇ ಮುಂದೆ ಅದನ್ನು ಒಪ್ಪಿಕೊಂಡರು. ಆದರೆ ತನ್ನ ತೀರ್ಪು ಆಸ್ಥಾನಕ್ಕೆ ಬೇಡವಾದಾಗ ಏನಾಗುತ್ತದೆ ಎಂಬ ಅಂದಾಜು ಇಮಾಮರಿಗಿತ್ತು. ದೋಷವಿದ್ದ ಬಟ್ಟೆಯನ್ನು ತನ್ನ ಹೆಸರಲ್ಲಿ ಮಾರಲು ಬಿಡದ ಮನುಷ್ಯ, ದೋಷವಿದ್ದ ಆಳ್ವಿಕೆಗೆ ತನ್ನ ಹೆಸರನ್ನು ಹೇಗೆ ಕೊಟ್ಟಾರು? ಖಲೀಫನ ಕಾಣಿಕೆ ಬೇಡ ಎನ್ನಲು ಅವರಿಗೆ ಸಾಧ್ಯವಾದದ್ದು ಮನೆಯ ಒಲೆ ಅಂಗಡಿಯ ದುಡ್ಡಿನಿಂದ ಉರಿಯುತ್ತಿದ್ದ ಕಾರಣ.

ಹಿಜರಿ 150

ಹಿಜರಿ 150, ಕ್ರಿ.ಶ. 767ರಲ್ಲಿ ಬಗ್ದಾದಿನಲ್ಲಿ ಅವರು ಕೊನೆಯುಸಿರೆಳೆದರು. ಸೆರೆಯಲ್ಲೇ ತೀರಿಕೊಂಡರು ಎಂದು ಹೆಚ್ಚಿನ ಚರಿತ್ರೆಕಾರರ ಬರಹ. ಸೇರಿದ ಜನಸಾಗರಕ್ಕೆ ಒಂದು ಸಲದ ಜನಾಝ ನಮಾಝ್ ಸಾಲಲಿಲ್ಲ, ಆರು ಸಲ ಮಾಡಬೇಕಾಯಿತು. ಖೈಝುರಾನ್ ಖಬರಸ್ತಾನದಲ್ಲಿ ದಫನ್ ಮಾಡಲಾಯಿತು. ಬಗ್ದಾದಿನ ಆ ಭಾಗಕ್ಕೆ ಇಂದಿಗೂ ಆದಮಿಯಾ ಎಂದೇ ಹೆಸರು. ಇಮಾಂ ಆಝಂ ಎಂಬ ಅವರ ಬಿರುದಿನಿಂದ ಬಂದದ್ದು.

ಅದೇ ಹಿಜರಿ 150ರಲ್ಲಿ ಗಾಝಾದಲ್ಲಿ ಒಂದು ಮಗು ಹುಟ್ಟಿತು. ಅವರೇ ನಮ್ಮ ಇಮಾಂ ಶಾಫಿಈ(ರ). ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಶೈಬಾನಿಯವರ ಬಳಿ ಅವರೂ ಕಲಿತರು. ಫಿಕ್ಹಿನಲ್ಲಿ ಜನರೆಲ್ಲ ಅಬೂ ಹನೀಫಾರ ಋಣದಲ್ಲಿದ್ದಾರೆ ಎಂದು ಇಮಾಂ ಶಾಫಿಈ ಹೇಳುತ್ತಿದ್ದರು. ಹಾಗೆ ನೋಡಿದರೆ ಕೂಫಾದ ಆ ಬಟ್ಟೆ ಅಂಗಡಿಯ ಲಾಭದಲ್ಲಿ ಒಂದು ಪಾಲು ಕರಾವಳಿಯ ನಮ್ಮ ಮದ್ರಸಗಳ ತನಕವೂ ಬಂದಿದೆ.

ಅಂಗಡಿ ನಡೆಸುವವರು ಈ ವಾರ ಒಂದು ಕೆಲಸ ಮಾಡಿ ನೋಡಬಹುದು. ನೀವು ಇಲ್ಲದ ಹೊತ್ತಿನಲ್ಲಿ ನಿಮ್ಮ ಹುಡುಗ ಗಿರಾಕಿಗೆ ಏನು ಹೇಳಿ ಮಾರುತ್ತಾನೆ ಎಂದು ಕೇಳಿ. ಬೈಯಬೇಡಿ, ಕೇಳಿ ಅಷ್ಟೆ. ಅವನು ಹೇಳುವುದು ನಿಮ್ಮಿಂದಲೇ ಕಲಿತದ್ದಾಗಿರುತ್ತದೆ. ಅದರಲ್ಲಿ ತಿದ್ದುವಂಥದ್ದು ಇದ್ದರೆ, ತಿದ್ದುವುದನ್ನು ಗಲ್ಲಾಪೆಟ್ಟಿಗೆಯ ನಮ್ಮ ಬದಿಯಿಂದಲೇ ಶುರುಮಾಡಬೇಕು. ಹಲಾಲಾದ ದುಡಿಮೆಯಲ್ಲಿ ಅಲ್ಲಾಹು ನಮಗೆಲ್ಲ ಬರ್ಕತ್ ನೀಡಲಿ, ಆಮೀನ್.